ಹಚ್ಚೆಯ ಗೆರೆ ಮತ್ತು ಗಣಕದ ಬಣ್ಣ: ಅಂತರಸಂತೆ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಜನಪದ ಚಿತ್ರಕಲೆಯ ಪ್ರಕಾರಗಳಲ್ಲಿ ಹಚ್ಚೆಗೆ ಒಂದು ವಿಶಿಷ್ಟ ಸ್ಥಾನವಿದೆ. ರಂಗೋಲಿ ಮರುದಿನಕ್ಕೆ ಅಳಿಯುತ್ತದೆ, ಹಸೆಯ ಚಿತ್ರ ಗೋಡೆಗೆ ಮತ್ತೆ ಸುಣ್ಣ ಬಳಿಯುವವರೆಗೆ ಉಳಿಯುತ್ತದೆ. ಹಚ್ಚೆಯಾದರೋ ಅದನ್ನು ಹೊತ್ತ ದೇಹದೊಡನೆಯೇ ಬಾಳಿ ಅದರೊಡನೆಯೇ ಮಣ್ಣಾಗುತ್ತದೆ. ಸತ್ತಾಗ ಜೊತೆಗೆ ಬರುವ ಒಡವೆ ಇದೊಂದೇ ಎಂಬ ಜನಪದ ನಂಬಿಕೆ ಈ ಸಂಗತಿಯನ್ನೇ ಹೇಳುತ್ತದೆ. ಆದ್ದರಿಂದ ಹಚ್ಚೆಯ ವಿನ್ಯಾಸಗಳಿಗೆ ಛಾಯಾಚಿತ್ರವಲ್ಲದೆ ಬೇರೆ ಭಂಡಾರವಿಲ್ಲ. ಆ ಛಾಯಾಚಿತ್ರಗಳನ್ನು ಓದುವ ಬಗೆ, ಕಾಪಾಡುವ ಬಗೆ ಇಂದಿನ ಜಾನಪದ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿದೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅಂತರಸಂತೆ, ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹೆದ್ದಾರಿಯಲ್ಲಿ ನಾಗರಹೊಳೆಯ ಕಾಡಂಚಿನಲ್ಲಿದೆ. ಕೃಷಿಕರೂ ಕಾಡಿನ ಸಮುದಾಯಗಳೂ ಒಂದೆಡೆ ಸೇರುವ ಸೀಮೆ ಇದು. ಹೆಸರಿನಲ್ಲಿಯೇ ಸಂತೆಯನ್ನುಳ್ಳ ಇಂತಹ ಊರುಗಳು ಹಚ್ಚೆಯ ಪ್ರಸಾರವನ್ನು ಅರಿಯಲು ಮುಖ್ಯವಾದವು. ಏಕೆಂದರೆ ಹಚ್ಚೆ ಹುಯ್ಯುವ ಕೊರವ ಹೆಂಗಸರು ಊರಿಂದೂರಿಗೆ, ಸಂತೆಯಿಂದ ಜಾತ್ರೆಗೆ ಅಲೆಯುತ್ತಿದ್ದವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಕೊರವರ ಈ ವೃತ್ತಿಯ ಪ್ರಸ್ತಾಪವಿದೆ. ತೊಟ್ಟಿಲು, ಚೇಳು, ತುಳಸಿಕಟ್ಟೆ, ಚುಕ್ಕಿಗಳ ಸಾಲು, ಗಂಡನ ಹೆಸರು ಮೊದಲಾದವು ಹಳೆಯ ಮೈಸೂರು ಸೀಮೆಯ ಹಿರಿಯ ಹೆಂಗಸರ ಮುಂಗೈ, ತೋಳುಗಳಲ್ಲಿ ಕಾಣುವ ವಿನ್ಯಾಸಗಳು.

ಹಚ್ಚೆಯ ಬಣ್ಣಕ್ಕೆ ಮೂಲ ದೀಪದ ಕಾಡಿಗೆ. ಅದಕ್ಕೆ ಸೊಪ್ಪಿನ ರಸವನ್ನೋ ಎದೆಹಾಲನ್ನೋ ಬೆರೆಸಿ ಸೂಜಿಯಿಂದ ಚುಚ್ಚುವುದು ರೂಢಿ. ಕಾಡಿಗೆ ಕಪ್ಪಾದರೂ ಹಚ್ಚೆ ಹಸಿರು ನೀಲಿಯಾಗಿ ಕಾಣುವುದಕ್ಕೆ ಕಾರಣ ಚರ್ಮವೇ. ಇಂಗಾಲದ ಕಣಗಳು ಚರ್ಮದ ಒಳಪದರದಲ್ಲಿ ನೆಲೆಗೊಳ್ಳುತ್ತವೆ. ಮೇಲಿನ ಪದರಗಳು ನೀಲಿ ಬೆಳಕನ್ನು ಚದುರಿಸಿ ಹಿಂದಕ್ಕೆ ಕಳುಹಿಸುತ್ತವೆ; ಕೆಂಪು ಬೆಳಕು ಆಳಕ್ಕಿಳಿದು ಇಂಗಾಲದಲ್ಲಿ ಹೀರಲ್ಪಡುತ್ತದೆ. ವರ್ಷಗಳು ಕಳೆದಂತೆ ಕಣಗಳು ಚದುರಿ ಗೆರೆ ಹಬ್ಬುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ. ಎಪ್ಪತ್ತು ಎಂಬತ್ತು ವರ್ಷದ ಅಜ್ಜಿಯ ಕೈಯಲ್ಲಿರುವುದು ಚೇಳೋ ಬಳ್ಳಿಯೋ ಎಂಬುದನ್ನು ಕಣ್ಣಿನಿಂದ ನಿರ್ಧರಿಸುವುದು ಅನೇಕ ವೇಳೆ ಕಷ್ಟ. ಗಣಕದ ವರ್ಣಶೋಧಕಗಳು, ಅಂದರೆ ಕಲರ್ ಫಿಲ್ಟರ್‌ಗಳು, ನೆರವಿಗೆ ಬರುವುದು ಇಲ್ಲಿ.

ಡಿಜಿಟಲ್ ಚಿತ್ರವೆಂಬುದು ವಾಸ್ತವವಾಗಿ ಅಂಕಿಗಳ ಒಂದು ಕೋಷ್ಟಕ. ಚಿತ್ರದ ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳಲ್ಲಿ ದಾಖಲಿಸಲಾಗಿರುತ್ತದೆ. ವರ್ಣಶೋಧಕವೆಂದರೆ ಈ ಅಂಕಿಗಳ ಮೇಲೆ ನಡೆಸುವ ಲೆಕ್ಕಾಚಾರ. ಪೈಥಾನ್‌ನಂತಹ ಭಾಷೆಯಲ್ಲಿ ಕೆಲವೇ ಸಾಲುಗಳ ಪ್ರೋಗ್ರಾಮ್ ಬರೆದು ಇದನ್ನು ಮಾಡಬಹುದು. ಹಿಂದೆ ಕಪ್ಪು ಬಿಳುಪು ಛಾಯಾಗ್ರಾಹಕರು ಮಸೂರದ ಮುಂದೆ ಕೆಂಪು ಗಾಜನ್ನಿಟ್ಟು ಸಾಧಿಸುತ್ತಿದ್ದುದನ್ನು ಇಂದು ಚಿತ್ರ ತೆಗೆದ ಮೇಲೆಯೂ, ಮತ್ತೆ ಮತ್ತೆ ಬೇರೆ ಬಗೆಯಲ್ಲಿ ಪ್ರಯೋಗಿಸಬಹುದಾಗಿದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಚರ್ಮದ ಒಂದು ಬಿಂದುವಿನಲ್ಲಿ ಕೆಂಪು 150, ಹಸಿರು 105, ನೀಲಿ 80 ಎಂದೂ, ಪಕ್ಕದ ಹಚ್ಚೆಯ ಬಿಂದುವಿನಲ್ಲಿ ಕ್ರಮವಾಗಿ 85, 90, 80 ಎಂದೂ ಇಟ್ಟುಕೊಳ್ಳಬಹುದು. ಸಾಮಾನ್ಯ ಕಪ್ಪು ಬಿಳುಪು ಪರಿವರ್ತನೆಯಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114ರ ತೂಕ ಕೊಡುವ ರೂಢಿಯಿದೆ. ಹಾಗೆ ಮಾಡಿದಾಗ ಚರ್ಮದ ಬೆಲೆ ಸುಮಾರು 116, ಹಚ್ಚೆಯ ಬೆಲೆ ಸುಮಾರು 87. ಅಂತರ ಕೇವಲ 28ರಷ್ಟು. ಕೆಂಪನ್ನು ಮಾತ್ರ ಉಳಿಸಿಕೊಂಡರೆ ಅಂತರ 65ಕ್ಕೆ ಏರುತ್ತದೆ. ನೀಲಿಯನ್ನು ಮಾತ್ರ ಉಳಿಸಿಕೊಂಡರೆ ಹಚ್ಚೆ ಪೂರ್ತಿಯಾಗಿ ಮಾಯವಾಗುತ್ತದೆ. ಮುಂದೆ 80ರಿಂದ 155ರವರೆಗಿನ ಕೆಂಪಿನ ವ್ಯಾಪ್ತಿಯನ್ನು 0ಯಿಂದ 255ಕ್ಕೆ ಹಿಗ್ಗಿಸಿದಾಗ ಹಚ್ಚೆ 17, ಚರ್ಮ 238 ಆಗಿ ಗೆರೆ ಎದ್ದು ಕಾಣುತ್ತದೆ. ಇಲ್ಲಿ ಹೊಸದಾಗಿ ಸೇರಿದ್ದು ಏನೂ ಇಲ್ಲ. ಇದ್ದ ಅಂತರವೇ ಕಣ್ಣಿಗೆ ನಿಲುಕುವಷ್ಟಾಗಿದೆ. ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಮಾತ್ರ ಈ ಹಿಗ್ಗಿಸುವಿಕೆಯೊಂದೇ ಅನ್ವಯವಾಗುತ್ತದೆ, ಬಣ್ಣಗಳನ್ನು ಬೇರ್ಪಡಿಸುವುದು ಸಾಧ್ಯವಿಲ್ಲ.

ಇದೇ ತತ್ತ್ವದ ಮುಂದುವರಿದ ರೂಪವನ್ನು ಜಾನ್ ಹರ್ಮನ್ 2005ರಲ್ಲಿ ರೂಪಿಸಿದ ಡಿಸ್ಟ್ರೆಚ್ ಎಂಬ ತಂತ್ರಾಂಶದಲ್ಲಿ ಕಾಣಬಹುದು. ದೂರಸಂವೇದಿ ಚಿತ್ರಗಳಿಗಾಗಿ ಬಳಕೆಗೆ ಬಂದ ಲೆಕ್ಕಾಚಾರವನ್ನು ಮಾಸಿದ ಬಂಡೆಚಿತ್ರಗಳ ಅಧ್ಯಯನಕ್ಕೆ ಅದು ಒದಗಿಸಿತು. ಕರ್ನಾಟಕದಲ್ಲಿಯೂ ಇದಕ್ಕೆ ಹತ್ತಿರದ ನಿದರ್ಶನವಿದೆ. 2006ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಮೊದಲಾದವರು ಉಡುಪಿಯಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿಗಳನ್ನು ಅತಿಗೆಂಪು ಶೋಧಕದ ಮೂಲಕ ಚಿತ್ರಿಸಿ, ಕಪ್ಪಿಟ್ಟ ಗರಿಯಿಂದ ಅಕ್ಷರಗಳನ್ನು ಬೇರ್ಪಡಿಸಿದರು. ಈಜಿಪ್ಟಿನ ದೇರ್ ಅಲ್ ಮದೀನಾದಲ್ಲಿ ದೊರೆತ ಮಹಿಳೆಯೊಬ್ಬಳ ಮಮ್ಮಿಯ ಮೇಲೆ ಆನ್ ಆಸ್ಟಿನ್ ಅವರ ತಂಡ ಅತಿಗೆಂಪು ಛಾಯಾಗ್ರಹಣದ ನೆರವಿನಿಂದ ಕನಿಷ್ಠ 30 ಹಚ್ಚೆಗಳನ್ನು ಗುರುತಿಸಿತು. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಗೆರೆಯನ್ನು ಓದಬಹುದಾದರೆ, ಒಂದು ತಲೆಮಾರಿನ ಹಿಂದಿನ ಗೆರೆಯನ್ನು ಕಳೆದುಕೊಳ್ಳಲು ಕಾರಣವಿಲ್ಲ.

ಆದರೆ ಅದೇ ಗಣಿತ ಗೆರೆಯನ್ನು ಅಳಿಸಲೂ ಬಲ್ಲದು. ಮೊಬೈಲ್ ಫೋನಿನ ಸೌಂದರ್ಯವರ್ಧಕ ಫಿಲ್ಟರ್‌ಗಳು ಮುಖವನ್ನು ನುಣುಪು ಮಾಡಲು ಪ್ರತಿ ಬಿಂದುವನ್ನು ಸುತ್ತಲಿನ ಬಿಂದುಗಳೊಡನೆ ಬೆರೆಸುತ್ತವೆ. ಮೂರು ಬಿಂದುಗಳ ಉದ್ದಗಲದ ಒಂಬತ್ತು ಬಿಂದುಗಳ ಸರಾಸರಿಯನ್ನು ತೆಗೆದರೆ, ಕೆಂಪಿನ ಬೆಲೆ 85 ಇರುವ ಒಂಟಿ ಹಚ್ಚೆಬೊಟ್ಟು 150ರ ಚರ್ಮದ ನಡುವೆ 143 ಆಗಿಬಿಡುತ್ತದೆ. 65ರ ಅಂತರ 7ಕ್ಕೆ ಇಳಿಯುತ್ತದೆ. ಸರಾಸರಿಯ ಬದಲು ಒಂಬತ್ತರ ನಡುವಿನ ಬೆಲೆಯನ್ನು ಆರಿಸಿದರೆ ಬೊಟ್ಟಷ್ಟೇ ಅಲ್ಲ, ಒಂದು ಬಿಂದು ಅಗಲದ ಗೆರೆಯೂ ಪೂರ್ತಿ ಅಳಿಯುತ್ತದೆ. ಹಿರಿಯರ ಚಿತ್ರವನ್ನು ಗೋಡೆಗೆ ಹಾಕಲು ದೊಡ್ಡದು ಮಾಡಿಸುವಾಗ ಮೈಬಣ್ಣವನ್ನು ತಿಳಿಯಾಗಿಸಿ ‘ಕಲೆ’ಗಳನ್ನು ತೆಗೆಯುವ ಪರಿಪಾಠದಲ್ಲಿ ಹಣೆ, ಗಲ್ಲಗಳ ಹಚ್ಚೆಬೊಟ್ಟೂ ಕಲೆಯೆಂದೇ ಎಣಿಸಲ್ಪಡುವ ಅಪಾಯವಿದೆ. ಯಂತ್ರಕ್ಕೆ ಗಾಯದ ಗುರುತಿಗೂ ಮುತ್ತೈದೆತನದ ಗುರುತಿಗೂ ವ್ಯತ್ಯಾಸ ತಿಳಿಯದು. ಅಳಿಸಿದ ಪ್ರತಿಯೊಂದೇ ಮನೆಯಲ್ಲಿ ಉಳಿದರೆ ಮೊಮ್ಮಕ್ಕಳ ಪಾಲಿಗೆ ಆ ಅಜ್ಜಿ ಹಚ್ಚೆಯಿಲ್ಲದವಳೇ ಆಗುತ್ತಾಳೆ.

ಇಲ್ಲದ ಗೆರೆಯನ್ನು ಕಾಣುವ ಅಪಾಯವೂ ಕಡಿಮೆಯದಲ್ಲ. ಫೋನಿನ ಚಿತ್ರಗಳು ಸಾಮಾನ್ಯವಾಗಿ ಉಳಿಯುವ ಜೆಪೆಗ್ ವಿನ್ಯಾಸದಲ್ಲಿ ಚಿತ್ರವನ್ನು 8 ಬಿಂದು ಉದ್ದಗಲದ ಚೌಕಗಳಾಗಿ ವಿಭಜಿಸಿ ಕುಗ್ಗಿಸಲಾಗುತ್ತದೆ. ಬಣ್ಣದ ವಿವರಗಳನ್ನು ಇನ್ನೂ ಹೆಚ್ಚು ಕಡಿತಗೊಳಿಸಲಾಗುತ್ತದೆ. ಅಂತಹ ಚಿತ್ರವನ್ನು ಅತಿಯಾಗಿ ಹಿಗ್ಗಿಸಿದಾಗ ಆ ಚೌಕಗಳೇ ಮೇಲೆದ್ದು ರಂಗೋಲಿಯ ಮನೆಗಳಂತೆ ತೋರುತ್ತವೆ. ಚರ್ಮದ ನರ, ಸುಕ್ಕುಗಳೂ ಹಾಗೆಯೇ ಗೆರೆಯ ವೇಷ ತೊಡುತ್ತವೆ. ಒಂದು ಶೋಧಕದಲ್ಲಿ ಕಂಡ ವಿನ್ಯಾಸ ಬೇರೆ ಬೆಳಕಿನಲ್ಲಿ ತೆಗೆದ ಎರಡನೆಯ ಚಿತ್ರದಲ್ಲಿಯೂ ಕಂಡಾಗ, ಹಚ್ಚೆ ಹೊತ್ತವರೇ ಅದನ್ನು ಹೌದೆಂದಾಗ ಮಾತ್ರ ಅದನ್ನು ದಾಖಲೆಯೆಂದು ಒಪ್ಪುವುದು ಉಚಿತ.

ಇನ್ನೊಂದು ಸೂಕ್ಷ್ಮವೂ ಇದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಒಡಪಿನಲ್ಲಿ ಮರೆಸಿ ಹೇಳುವ ಸಂಪ್ರದಾಯದಲ್ಲಿ ಆ ಹೆಸರು ತೋಳಿನ ಮೇಲೆ ಬರೆಹವಾಗಿ ಇರುತ್ತದೆ. ಕಾಲ ಮಸುಕಾಗಿಸಿದ ಅಂತಹ ಹೆಸರನ್ನು ಗಣಕದಲ್ಲಿ ಸ್ಫುಟಗೊಳಿಸಿ ಪ್ರಕಟಿಸುವುದು ಆಕೆ ಚಿತ್ರ ತೆಗೆಯಲು ಕೊಟ್ಟ ಒಪ್ಪಿಗೆಯ ಮಿತಿಯನ್ನು ಮೀರುವ ಕೆಲಸ. ಅದಕ್ಕೆ ಬೇರೆಯಾಗಿಯೇ ಒಪ್ಪಿಗೆ ಕೇಳಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ಅಂತರಸಂತೆಯಂತಹ ಹೋಬಳಿಗಳಲ್ಲಿ ನಡೆಯಬೇಕಾದ ಹಚ್ಚೆ ದಾಖಲೀಕರಣಕ್ಕೆ ಕೆಲವು ಕ್ರಮಗಳು ಅಗತ್ಯ. ಫೋನಿನ ಸೌಂದರ್ಯವರ್ಧಕವನ್ನು ನಿಲ್ಲಿಸಿ, ಸಾಧ್ಯವಿದ್ದರೆ ಕುಗ್ಗಿಸದ ರೂಪದಲ್ಲಿ, ನೆರಳಿನ ಸಮಬೆಳಕಿನಲ್ಲಿ ಚಿತ್ರ ತೆಗೆಯಬೇಕು. ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಬಣ್ಣದ ಪಟ್ಟಿಯನ್ನೂ ಇರಿಸಬೇಕು. ಮೂಲಚಿತ್ರವನ್ನು ಎಂದಿಗೂ ಬದಲಿಸದೆ, ಶೋಧಿಸಿದ ಪ್ರತಿಯನ್ನು ಬೇರೆ ಹೆಸರಿನಲ್ಲಿಟ್ಟು, ಬಳಸಿದ ಪ್ರೋಗ್ರಾಮಿನ ಸಾಲುಗಳನ್ನೂ ಅಂಕಿಗಳನ್ನೂ ಅದರೊಡನೆ ಸೇರಿಸಬೇಕು. ಹಾಡುಗಬ್ಬವನ್ನು ಸಂಗ್ರಹಿಸುವಾಗ ಹಾಡಿದವರ ಪಾಠವನ್ನು ತಿದ್ದದೆ, ಸಂಪಾದಕರ ಊಹೆಯನ್ನು ಬೇರೆಯಾಗಿ ಕೊಡುವ ಶಿಸ್ತು ಕನ್ನಡ ಜಾನಪದದಲ್ಲಿ ಬೆಳೆದುಬಂದಿದೆ. ಹಚ್ಚೆಯ ಚಿತ್ರಕ್ಕೂ ಅದೇ ಶಿಸ್ತು ಸಲ್ಲಬೇಕು. ಹಚ್ಚೆ ಹೊತ್ತ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಶೋಧಕದ ಪ್ರಯೋಗವನ್ನು ನಾಳೆಯೂ ನಡೆಸಬಹುದು. ಮೂಲಚಿತ್ರವನ್ನು ಮಾತ್ರ ಅವರಿರುವಾಗಲೇ, ಅವರ ಮಾತಿನೊಡನೆ ತೆಗೆದಿರಿಸಬೇಕಾಗಿದೆ.