ಸಾಹೇಬ್ರು ಬರ್ತಾರಂತೆ... ಸುಣ್ಣ ತನ್ನಿ!

ಬಂಗಾರಪೇಟೆ: ‘ನಾಳೆ ಸೇಫ್ಟಿ ಸಾಹೇಬ್ರು ಬರ್ತಾರಂತೆ!’

ಈ ಒಂದು ಮಾತು ಕಿವಿಗೆ ಬಿದ್ದರೆ ಸಾಕು. ಅಕ್ಕಿ ಗಿರಣಿಯಾಗಲಿ, ಮರ ಕೊಯ್ಯುವ ಮಿಲ್ಲಾಗಲಿ, ವರ್ಕ್‌ಷಾಪಾಗಲಿ, ಹಬ್ಬದ ಗಡಿಬಿಡಿ ಶುರು. ಗೋಡೆಗೆ ಸುಣ್ಣ. ಕೆಂಪು ಬಕೆಟ್ಟಿಗೆ ಹೊಸ ಮರಳು. ಖಾಲಿ ಬಿದ್ದಿದ್ದ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಹತ್ತಿ, ಟಿಂಚರು. ಮೂಲೆ ಸೇರಿದ್ದ ಬೆಲ್ಟಿನ ಜಾಲರಿ ಮತ್ತೆ ಸ್ವಸ್ಥಾನಕ್ಕೆ. ಆರು ತಿಂಗಳ ರಿಜಿಸ್ಟರು ಒಂದೇ ರಾತ್ರಿಯಲ್ಲಿ, ಒಂದೇ ಪೆನ್ನಿನಲ್ಲಿ ಭರ್ತಿ!

ಸಾಹೇಬರು ಬಂದು, ನೋಡಿ, ಸಹಿ ಹಾಕಿ ಹೋದರೆಂದರೆ ಮಾರನೇ ದಿನ ಜಾಲರಿ ಪುನಃ ಮೂಲೆಗೆ. ಇದನ್ನು ತಯಾರಿ ಅನ್ನಬೇಕೋ, ನಾಟಕ ಅನ್ನಬೇಕೋ?

ಉತ್ತರಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದರಾಯಿತು.

ಗಣಿಯ ಪಾಠ

ಆ ರೈಲುದಾರಿಯ ತುದಿಯಲ್ಲಿ 2001ರ ಫೆಬ್ರವರಿ 28ರವರೆಗೆ ಚಿನ್ನದ ಗಣಿ ನಡೆಯಿತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಸಾವಿರ ಮೀಟರಿಗೂ ಹೆಚ್ಚು. ಅಂಥ ಪಾತಾಳಕ್ಕೆ ಕೇಜಿನಲ್ಲಿ ಇಳಿಯುವವನ ಜೀವ ಒಂದು ಉಕ್ಕಿನ ಹಗ್ಗದ ಮೇಲೆ ನಿಂತಿತ್ತು.

ಆ ಹಗ್ಗವನ್ನು ‘ಸಾಹೇಬ್ರು ಬಂದಾಗ ನೋಡೋಣ’ ಎಂದು ಬಿಡುವ ಹಾಗಿರಲಿಲ್ಲ. 24 ಗಂಟೆಗೊಮ್ಮೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕೆಂದು ನಿಯಮವೇ ಇತ್ತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು 33.5 ಡಿಗ್ರಿ ದಾಟುವ ಜಾಗದಲ್ಲಿ ಕೆಲಸ ಮಾಡಿಸುವಂತಿರಲಿಲ್ಲ. 1952ರ ಗಣಿ ಕಾಯ್ದೆ ಪ್ರಕಾರ ಇನ್‌ಸ್ಪೆಕ್ಟರು ಹಗಲಾಗಲಿ, ರಾತ್ರಿಯಾಗಲಿ ಯಾವ ಹೊತ್ತಿನಲ್ಲೂ ಗಣಿಗೆ ಬರಬಹುದಿತ್ತು. ಅಪಾಯ ಕಂಡರೆ ಜನರನ್ನು ಮೇಲಕ್ಕೆ ಕಳಿಸಿ ಎನ್ನಬಹುದಿತ್ತು. ಇಲಾಖೆಯ ಮುಖ್ಯ ಕಚೇರಿ ಧನಬಾದಿನಲ್ಲಿದ್ದರೂ ಒಂದು ಕಚೇರಿ ಇಲ್ಲೇ ಊರಗಾಂನಲ್ಲಿತ್ತು. ಯಾವಾಗ ಬರುತ್ತಾರೋ ತಿಳಿಯದವನಿಗೆ ದಿನವೂ ತಯಾರಿಯೇ!

1980ರ ದಶಕದಲ್ಲಿ ಇನ್ನೊಂದು ನಿಯಮ ಬಂತು. 500ಕ್ಕೆ ಮೇಲ್ಪಟ್ಟು ಜನ ದುಡಿಯುವ ಗಣಿಗಳಲ್ಲಿ ಕಾರ್ಮಿಕ ಸಂಘದ ಜೊತೆ ಮಾತಾಡಿ ‘ವರ್ಕ್‌ಮೆನ್ಸ್ ಇನ್‌ಸ್ಪೆಕ್ಟರ್’ ನೇಮಿಸಬೇಕು. ಅಂದರೆ, ಕೆಲಸದ ಜಾಗ ಬಲ್ಲವನ ಕಣ್ಣಿಗೂ ಬೆಲೆ ಸಿಕ್ಕಿತು.

ಹಾಗಂತ ಗಣಿಯಲ್ಲಿ ಎಲ್ಲ ಸುಸೂತ್ರವಾಗಿತ್ತೇ? ಖಂಡಿತ ಇಲ್ಲ. ಒತ್ತಡಕ್ಕೆ ಬಂಡೆ ಸಿಡಿದು ಜೀವ ಹೋದದ್ದುಂಟು. ಕಲ್ಲಿನ ಧೂಳು ಎದೆ ಸೇರಿ ಜನ ಸಿಲಿಕೋಸಿಸ್ಸಿಗೆ ತುತ್ತಾದದ್ದುಂಟು. 1947ರಲ್ಲಿ ಪ್ರಕಟವಾದ ಲೆಕ್ಕದಂತೆ, ಪರೀಕ್ಷಿಸಿದ 7,653 ಕಾರ್ಮಿಕರ ಪೈಕಿ ಶೇಕಡಾ 43.7 ಮಂದಿಗೆ ಈ ರೋಗವಿತ್ತು. ಗೋಡೆಗೆ ಎಷ್ಟು ಸುಣ್ಣ ಬಳಿದರೆ ಈ ಧೂಳು ಮುಚ್ಚೀತು?

ಸಾಹೇಬರು ಬಾರದಿದ್ದರೆ?

ಈಗ ಕಾನೂನೂ ಬದಲಾಗಿದೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇನ್‌ಸ್ಪೆಕ್ಟರು ಇನ್ನು ಮೇಲೆ ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’. ತಪ್ಪು ಹಿಡಿಯುವುದರ ಜೊತೆಗೆ ಸಲಹೆ ಕೊಡುವುದೂ ಅವರ ಕೆಲಸ. ತಪಾಸಣೆಗೆ ಯಾವ ಜಾಗದ ಸರದಿ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಲ್ಲೇ ಆರಿಸಲೂ ಅವಕಾಶವಿದೆ.

ಇನ್ನೊಂದು ಸಂಗತಿ. ಕರೆಂಟಿನಲ್ಲಿ ನಡೆಯುವ ಕಡೆ 10 ಜನ ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನ್ನುತ್ತಿತ್ತು 1948ರ ಕಾಯ್ದೆ. ಹೊಸ ಸಂಹಿತೆಯಲ್ಲಿ ಅದು 20. ಕರೆಂಟಿಲ್ಲದ ಕಡೆ 20 ಹೋಗಿ 40 ಆಗಿದೆ. ಹನ್ನೆರಡೋ ಹದಿನೈದೋ ಆಳುಗಳಿರುವ ಮಿಲ್ಲು ಈಗ ‘ಕಾರ್ಖಾನೆ’ಯ ಲೆಕ್ಕಕ್ಕೇ ಬರುವುದಿಲ್ಲ.

ಯಜಮಾನರಿಗೆ ನೆಮ್ಮದಿ, ಸರಿ. ಆದರೆ ಬೆಲ್ಟಿಗೆ ಈ ಲೆಕ್ಕ ಗೊತ್ತೇ? ಹದಿನೈದು ಜನರಿರುವ ಕಡೆ ಅದು ಕೈ ಎಳೆದುಕೊಳ್ಳದೆ ಬಿಟ್ಟೀತೇ?

ಆದ್ದರಿಂದ ತಯಾರಿ ಸುಣ್ಣದ ಡಬ್ಬಿಯಿಂದ ಶುರುವಾಗಬೇಕಾಗಿಲ್ಲ. ಮಿಷನ್ನಿನ ಮುಂದೆ ನಿಂತವನನ್ನು ಕೇಳಿ ಶುರು ಮಾಡಿ: ‘ಏನಪ್ಪಾ, ನಿನಗೆ ಇಲ್ಲಿ ಯಾವುದಕ್ಕೆ ಭಯ?’ ಜಾಲರಿ ತೆಗೆದಿಟ್ಟದ್ದು ಯಾಕೆ ಎಂದು ಕೇಳಿದರೆ, ಅದು ಕೆಲಸಕ್ಕೆ ಅಡ್ಡ ಬರುತ್ತದೆ ಅಂದಾನು. ಹಾಗಾದರೆ ಅಡ್ಡ ಬಾರದ ಜಾಲರಿ ಮಾಡಿಸಿ. ಕಿತ್ತ ವೈರು, ಮೂಟೆ ಅಡ್ಡವಿಟ್ಟ ಬಾಗಿಲು, ಒದ್ದೆ ನೆಲ, ಇವನ್ನು ಅವನೇ ತೋರಿಸುತ್ತಾನೆ. ತೋರಿಸಿದ್ದನ್ನು ಅಂದೇ ಬರೆದಿಡಿ, ರಿಪೇರಿ ಮಾಡಿಸಿದ ದಿನವನ್ನೂ ಬರೆಯಿರಿ.

ಆಮೇಲೆ ಸಾಹೇಬರು ನಾಳೆಯೇ ಬರಲಿ, ಬರದೇ ಇರಲಿ. ಬೆಳಗ್ಗೆ ಬುತ್ತಿ ಹಿಡಿದು ಬಸ್ಸು ಹತ್ತಿದವನು ಸಂಜೆ ಎರಡು ಕೈಯೊಂದಿಗೆ ಮನೆಗೆ ಬರುತ್ತಾನೆ.