ಲೆಚ್‌ವರ್ತಿನ ಕಮಾನು ಸೇತುವೆ



ಈ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಲೆಚ್‌ವರ್ತ್ ಪಾರ್ಕಿಗೆ ಹೋಗುವವರು ಮೇಲಿನ ಜಲಪಾತದ ಫೋಟೋ ತೆಗೆಯುವಾಗ, ಹಿಂದೆ ಕಾಣುವ ಉಕ್ಕಿನ ಕಮಾನು ಸೇತುವೆಯನ್ನೂ ಸ್ವಲ್ಪ ಗಮನಿಸಿ. 2016ಕ್ಕೂ ಮುಂಚೆ ಹೋಗಿ ಬಂದವರ ಆಲ್ಬಮ್ಮಿನಲ್ಲಿ ಅಲ್ಲಿ ಬೇರೆಯೇ ಸೇತುವೆ ಇರುತ್ತದೆ.

ಜೆನೆಸೀ ನದಿಯ ಕಣಿವೆಗೆ 1852ರಲ್ಲಿ ಕಟ್ಟಿದ್ದು ಮರದ ಸೇತುವೆ. ಅದು 1875ರ ಮೇ 6ರಂದು ಸುಟ್ಟುಹೋಯಿತು. ಜುಲೈ 31ಕ್ಕೆ ಕಬ್ಬಿಣದ್ದು ಸಿದ್ಧ! ನಮ್ಮ ಪ್ರಾಜೆಕ್ಟ್ ಮ್ಯಾನೇಜರುಗಳು ಇದನ್ನು ಓದದಿದ್ದರೆ ಒಳ್ಳೆಯದು. 1903ರಲ್ಲಿ ಮೇಲ್ಭಾಗ ಬದಲಾಯಿಸಿದ ಆ ಸೇತುವೆ 2017ರವರೆಗೂ ದುಡಿಯಿತು. ಆದರೆ ಕೊನೆಗಾಲದಲ್ಲಿ ರೈಲು ಗಂಟೆಗೆ 10 ಮೈಲಿ ವೇಗದಲ್ಲಿ ತೆವಳಬೇಕಿತ್ತು. ಈಗ ಎಲ್ಲೆಡೆ ಓಡುವ 2,86,000 ಪೌಂಡಿನ ಗೂಡ್ಸ್ ವ್ಯಾಗನ್ನುಗಳನ್ನು ಅದರ ಮೇಲೆ ಪೂರ್ತಿ ತುಂಬಿ ಬಿಡುವಂತಿರಲಿಲ್ಲ.

ಹಳೆಯದು ಕಣಿವೆಯೊಳಗೆ ಎತ್ತರದ ಗೋಪುರಗಳ ಮೇಲೆ ನಿಂತಿತ್ತು. ಹೊಸದಕ್ಕೆ ನಡುವೆ ಕಾಲೇ ಇಲ್ಲ. 483 ಅಡಿಯ ಕಮಾನು ರೈಲಿನ ಭಾರವನ್ನು ಎರಡೂ ಬದಿಯ ಬಂಡೆಗೆ ಒತ್ತುತ್ತದೆ. ಇಬ್ಬರು ಎದುರು ಬದುರು ನಿಂತು, ಅಂಗೈಗೆ ಅಂಗೈ ಕೊಟ್ಟು ಮುಂದಕ್ಕೆ ವಾಲಿ ನೋಡಿ. ಕಾಲು ಜಾರದಿದ್ದರೆ ಬೀಳುವುದಿಲ್ಲ. ಇಲ್ಲಿ ಕಾಲು ಜಾರದಂತೆ ಹಿಡಿದಿರುವುದು ಬಂಡೆಯಲ್ಲಿ ಕೂರಿಸಿದ ಕಾಂಕ್ರೀಟ್ ಬುನಾದಿ. ನದಿಯಲ್ಲಿ ಕಂಬ ಬೇಡ, ಪ್ರವಾಹದ ಚಿಂತೆಯೂ ಇಲ್ಲ.

ಕಷ್ಟ ಇರುವುದು ಕಟ್ಟುವಾಗ. ಅರ್ಧ ಕಮಾನು ತಾನಾಗಿ ನಿಲ್ಲುವುದಿಲ್ಲವಲ್ಲ! ಹಾಗಾಗಿ ಎರಡೂ ದಡದಿಂದ ತುಂಡು ತುಂಡಾಗಿ ಮುಂದೆ ಚಾಚುತ್ತಾ, ಪ್ರತಿ ಅರ್ಧವನ್ನೂ ಕೇಬಲ್ಲುಗಳಿಂದ ಹಿಂದಕ್ಕೆ ಎಳೆದು ಹಿಡಿದಿದ್ದರು. 2017ರಲ್ಲಿ ಎರಡೂ ಅರ್ಧಗಳು ಮಧ್ಯದಲ್ಲಿ ಕೂಡಿದವು. ಇಷ್ಟೆಲ್ಲಾ ನಡೆದದ್ದು ಹಳೆಯ ಸೇತುವೆಯಿಂದ ಕೇವಲ 75 ಅಡಿ ಆಚೆ, ಅದರ ಮೇಲೆ ರೈಲು ಓಡುತ್ತಿರುವಾಗಲೇ. ಸರ್ವರ್ ಬದಲಾಯಿಸುವ ನಮಗೂ ಗೊತ್ತಿರುವ ಉಪಾಯ: ಹೊಸದು ನಡೆಯುವವರೆಗೆ ಹಳೆಯದನ್ನು ಮುಟ್ಟಬಾರದು. 2017ರ ಡಿಸೆಂಬರಿನಲ್ಲಿ ಹೊಸದರ ಮೇಲೆ ರೈಲು ಓಡಿತು. ವೇಗ ಈಗ ಗಂಟೆಗೆ 35 ಮೈಲಿ, ಖರ್ಚು 7 ಕೋಟಿ ಡಾಲರಿಗೂ ಹೆಚ್ಚು.

ಹಳೆಯದನ್ನು ಕೆಡವದೆ ನಡೆದಾಡಲು ಬಿಡಿ ಎಂದು ಕೇಳಿದವರಿದ್ದರು. ಮನಸ್ಸು ಅವರ ಕಡೆಗೇ ವಾಲುತ್ತದೆ. ಆದರೆ ತುಕ್ಕು ಹಿಡಿಯುವ ಅಷ್ಟು ದೊಡ್ಡ ಕಬ್ಬಿಣದ ರಾಶಿಗೆ ವರ್ಷ ವರ್ಷ ಬಣ್ಣ, ರಿಪೇರಿ ಮಾಡಿಸುವವರು ಯಾರು? 2018ರಲ್ಲಿ ಅದನ್ನು ಕೆಡವಿದರು. ನನಗೆ ಆ ನಿರ್ಧಾರ ಸರಿ ಅನ್ನಿಸುತ್ತದೆ, ಸ್ವಲ್ಪ ಬೇಸರದೊಂದಿಗೇ.

ಅಂದಹಾಗೆ, ಸೇತುವೆ ನಾರ್ಫೋಕ್ ಸದರ್ನ್ ರೈಲು ಕಂಪನಿಗೆ ಸೇರಿದ್ದು. ಫೋಟೋಗಾಗಿ ಹಳಿ ಹತ್ತಬೇಡಿ, ಜಲಪಾತದ ಪಕ್ಕದ ಕಾಲುದಾರಿಯಿಂದಲೇ ಚೆನ್ನಾಗಿ ಕಾಣುತ್ತದೆ.