ಪ್ರಬಂಧ ಅಂದರೆ ಯಾವುದು?

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಶಾಲೆ ಹುಡುಗ ದೀಪಾವಳಿ ಬಗ್ಗೆ ಒಂದು ಪುಟ ಬರೆದರೆ ಅದು ಪ್ರಬಂಧ. ಅವನೇ ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ 400 ಪುಟ ಬರೆದರೆ ಅದೂ ಪ್ರಬಂಧ. ಗತ್ತಿನಿಂದ ಹೇಳುವಾಗ ಮಹಾಪ್ರಬಂಧ. ನಾವು ‘ಪೇಪರ್ ಪ್ರೆಸೆಂಟ್ ಮಾಡ್ತೀವಿ’ ಅಂತೀವಲ್ಲ, ಅದು ಪ್ರಬಂಧ ಮಂಡನೆ.

ಸಂಸ್ಕೃತದ ‘ಬಂಧ್’ ಅಂದರೆ ಕಟ್ಟು. ‘ಪ್ರ’ ಸೇರಿದರೆ ಚೆನ್ನಾಗಿ ಕಟ್ಟಿದ್ದು. ಹಾಗಂತ ಸ್ಪೈರಲ್ ಬೈಂಡಿಂಗ್ ಹಾಕಿಸಿದ ಮಾತ್ರಕ್ಕೆ ನಮ್ಮ ಪ್ರಾಜೆಕ್ಟ್ ರಿಪೋರ್ಟು ಸಂಶೋಧನಾ ಪ್ರಬಂಧ ಆಗಲ್ಲ! ಏನೇನು ಮಾಡಿದೆವು ಅಂತ ಹೇಳಿದರೆ ಅದು ವರದಿ. ಒಂದು ಪ್ರಶ್ನೆ ಎತ್ತಿ, ಆಧಾರಗಳನ್ನು ಜೋಡಿಸಿ, ‘ಆದ್ದರಿಂದ ಹೀಗೆ’ ಅಂತ ನಿಲುವು ತಗೊಂಡು, ಕೇಳಿದವರಿಗೆ ಉತ್ತರ ಕೊಡುವಂತಿರಬೇಕು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೂಲತಃ ಮಹಾಪ್ರಬಂಧ. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳು ಊರೂರಲ್ಲಿ ಬಿಡಿಬಿಡಿಯಾಗಿದ್ದವು. ಅವುಗಳಿಂದ ಆ ಕಾಲದ ಬದುಕನ್ನು ಕಟ್ಟಿಕೊಟ್ಟವರು ಅವರು.

ಜರ್ನಲ್‌ಗೆ ಕಳಿಸೋದಕ್ಕೆ ‘ಸಂಶೋಧನಾ ಲೇಖನ’ ಅಂದರೆ ಸಾಕು. ಬಿ.ಇ. ಪ್ರಾಜೆಕ್ಟಿಗೆ ‘ಯೋಜನಾ ವರದಿ’ ಅನ್ನಿ. ‘ಮಹಾ’ ಪಿಎಚ್.ಡಿ.ಯವರಿಗೇ ಇರಲಿ, ಪಾಪ, ವರ್ಷಗಟ್ಟಲೆ ಕೂತಿರ್ತಾರೆ.